ಕೆಂಪು ಪೋಲೋನಾ, ಬಿಳಿ ಸ್ವಿಫ್ಟಾ?

ಚೀಟಿ ಎತ್ತಿದ್ದು, ಟ್ಯೂಷನ್ ಹೇಳಿ ಉಳಿಸಿದ್ದು, ಅಡುಗೆಮನೆಯ ಡಬ್ಬಿಯಿಂದ ಬ್ಯಾಂಕಿಗೆ ಹೋಗಿ ಎಫ್‌ಡಿಯಾಗಿ ಕೂತಿದ್ದು, ಎಲ್ಲ ಸೇರಿಸಿದರೆ ಐದೂವರೆ ಲಕ್ಷ. ಡ್ರೈವಿಂಗ್ ಲೈಸೆನ್ಸ್ ಕೈಗೆ ಬಂದು ವರ್ಷವಾಯಿತು. ಹೊಸ ಕಾರಿನ ಕಂತು ಕಟ್ಟುವ ಮನಸ್ಸಿಲ್ಲ, ಸೆಕೆಂಡ್ ಹ್ಯಾಂಡೇ ಸಾಕು ಎಂದು ತೀರ್ಮಾನಿಸಿದ್ದೀರಿ. ವಾರಗಟ್ಟಲೆ ಹುಡುಕಿ ಹುಡುಕಿ ಕಡೆಗೆ ಎರಡು ಕಾರುಗಳ ಮುಂದೆ ಬಂದು ನಿಂತಿದ್ದೀರಿ. ಒಂದನ್ನು ನೋಡಿದರೆ ಮನಸ್ಸು ಕುಣಿಯುತ್ತೆ. ಇನ್ನೊಂದನ್ನು ನೋಡಿದರೆ ಮನೆಮಂದಿಯೆಲ್ಲ ‘ಇದೇ ಸರಿ’ ಅಂತಾರೆ. ಈಗ ಏನು ಮಾಡ್ತೀರಿ?

ಇದು ಊಹೆಯ ಮಾತಲ್ಲ ಕಣ್ರೀ. ಬೆಂಗಳೂರಿನ ನನ್ನ ಗೆಳತಿಯೊಬ್ಬಳಿಗೆ ಬಂದ ಪೇಚು. ಅವಳ ಮುಂದಿದ್ದದ್ದು 2016ರ ಕೆಂಪು ಬಣ್ಣದ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಮತ್ತು 2018ರ ಬಿಳಿ ಮಾರುತಿ ಸ್ವಿಫ್ಟ್. ಎರಡೂ ಪೆಟ್ರೋಲ್, ಎರಡಕ್ಕೂ ಕ್ಲಚ್ ತುಳಿಯುವ ಕೆಲಸವಿಲ್ಲ. ಕೇಳುತ್ತಿದ್ದ ಬೆಲೆಯೂ ಹೆಚ್ಚುಕಡಿಮೆ ಒಂದೇ. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಓಡಾಟ: ಮಗಳ ಸ್ಕೂಲು, ಭರತನಾಟ್ಯದ ಕ್ಲಾಸು, ಮಂಡಿನೋವಿನ ಅತ್ತೆಯವರ ಫಿಸಿಯೋಥೆರಪಿ, ನಡುವೆ ತರಕಾರಿ. ಮೈದುನ ಹೇಳಿದ, ‘ಅತ್ತಿಗೆ, ಪೋಲೋ ಬಿಟ್ಟರೆ ಆಮೇಲೆ ಪೇಚಾಡ್ತೀರಿ.’ ಅತ್ತೆ ಹೇಳಿದರು, ‘ಬಿಳೀದೇ ಲಕ್ಷಣವಾಗಿದೆಯಮ್ಮ.’ ಗಂಡ ಹೇಳಿದ್ದು ಒಂದೇ ಮಾತು: ‘ನೀನು ಓಡಿಸೋದು ಸ್ಕೂಲಿಗೆ, ರೇಸಿಗಲ್ಲ.’

ಆಸೆ ಪಟ್ಟರೆ ತಪ್ಪೇನು?

ಆ ಕಡೆಯ ಮಾತು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಹೆಂಗಸರಿಗೆ ಕಾರು ಅಂದಕೂಡಲೇ ಚಿಕ್ಕದು, ಹಗುರದ್ದು, ಮೆಲ್ಲಗೆ ಹೋಗೋದು ಎಂದೇ ಎಲ್ಲರೂ ಸಲಹೆ ಕೊಡ್ತಾರೆ. ನಲವತ್ತರ ಹೊಸ್ತಿಲಲ್ಲಿ ಸ್ಟೇರಿಂಗ್ ಹಿಡಿದವಳಿಗೆ ಚುರುಕಾದ ಕಾರಿನ ಮೇಲೆ ಮನಸ್ಸಾಗಬಾರದು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ದುಡ್ಡು ನಿಮ್ಮದು, ಓಡಿಸುವವರೂ ನೀವೇ. ಆಸೆಯನ್ನು ಮುಚ್ಚಿಟ್ಟು ‘ಮನೆಗೆ ಅನುಕೂಲ’ ಎಂದು ಒಲ್ಲದ ಕಾರು ತಂದರೆ, ಅದು ಹಬ್ಬಕ್ಕೆ ಬಂದ ಇಷ್ಟವಿಲ್ಲದ ಬಣ್ಣದ ಸೀರೆಯ ಹಾಗೆ ಗೇಟಿನೊಳಗೇ ನಿಂತಿರುತ್ತೆ.

ಹಾಗಾಗಿ ಮೊದಲು ಆ ಕೆಂಪು ಕಾರಿನ ಗುಣ ಹೇಳಿಬಿಡ್ತೀನಿ. ಪೋಲೋ ಜಿಟಿ ಟಿಎಸ್‌ಐ ನಮ್ಮ ದೇಶಕ್ಕೆ ಬಂದದ್ದು 2013ರಲ್ಲಿ. ನೋಡಲು ಮಾಮೂಲಿ ಐದು ಬಾಗಿಲಿನ ಚಿಕ್ಕ ಕಾರು. ಆದರೆ ಬಾನೆಟ್ ಕೆಳಗಿನ 1.2 ಲೀಟರಿನ ಟರ್ಬೊ ಎಂಜಿನ್ 105 ಅಶ್ವಶಕ್ತಿಯದು. ಅದೇ ಅಳತೆಯ ಎಂಜಿನ್ ಇರುವ 2018ರ ಸ್ವಿಫ್ಟ್‌ನದು 83. ಕಾಲು ಸ್ವಲ್ಪ ಒತ್ತಿದರೆ ಸಾಕು, ಬೆನ್ನು ಸೀಟಿಗೆ ಅಂಟಿಕೊಳ್ಳುತ್ತೆ. ಹುಡುಗರು ಇದನ್ನು ‘ಬಡವರ ಸ್ಪೋರ್ಟ್ಸ್ ಕಾರ್’ ಅಂತ ಕೊಂಡಾಡೋದು ಸುಮ್ಮನೆ ಅಲ್ಲ. ಬಾಗಿಲು ಹಾಕಿದಾಗ ಬರುವ ‘ದಬ್’ ಎನ್ನುವ ಗಟ್ಟಿ ಸದ್ದು, ಹೆದ್ದಾರಿಯಲ್ಲಿ ನೆಲಕ್ಕೆ ಕಚ್ಚಿಕೊಂಡು ಹೋಗುವ ರೀತಿ, ಇವೆಲ್ಲ ನಿಜವಾದ ಗುಣಗಳೇ.

ಸ್ವಿಫ್ಟ್ ಏನು ಸಪ್ಪೆ ಅಂದ್ಕೋಬೇಡಿ. 2005ರಲ್ಲಿ ಮೊದಲು ಬಂದಾಗ ‘ಸ್ಪೋರ್ಟಿ’ ಎಂದು ಹೆಸರಾದದ್ದು ಇದೇ. 2018ರ ಫೆಬ್ರುವರಿಯಲ್ಲಿ ಬಂದ ಮೂರನೇ ತಲೆಮಾರಿನದು ಪೋಲೋಗಿಂತ ಸುಮಾರು ಇನ್ನೂರು ಕಿಲೋ ಹಗುರ. ಹಾಗಾಗಿ ಶಕ್ತಿ ಕಡಿಮೆಯಿದ್ದರೂ ಊರೊಳಗೆ ಚುರುಕು. ಗಲ್ಲಿಗಲ್ಲಿಯ ಮೆಕ್ಯಾನಿಕ್ಕಿಗೂ ಇದರ ನಾಡಿ ಗೊತ್ತು.

ಗುಟ್ಟಿರೋದು ಗೇರ್‌ಬಾಕ್ಸ್‌ನಲ್ಲಿ

ಎರಡೂ ‘ಆಟೋಮ್ಯಾಟಿಕ್’ ಎಂದು ಮಾರುವವರು ಹೇಳ್ತಾರೆ. ನಾವು ತಲೆಯಾಡಿಸ್ತೀವಿ. ಆದರೆ ಎರಡರ ಒಳಗಿನ ಕಥೆ ಬೇರೆ ಬೇರೆ. ಮೊದಲ ಸಲ ಕೊಳ್ಳುವವರು ತಿಳಿದಿರಲೇಬೇಕಾದದ್ದು ಇದನ್ನೇ.

ಸ್ವಿಫ್ಟ್‌ನಲ್ಲಿರೋದು ಎಎಂಟಿ. ಅಂದರೆ ಗೇರ್‌ಬಾಕ್ಸ್ ನೀವು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತ ಮಾಮೂಲಿಯದೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ನಿಮ್ಮ ಬದಲು ಒಂದು ಸಣ್ಣ ಯಂತ್ರ ಮಾಡುತ್ತೆ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ತಲೆ ಸ್ವಲ್ಪ ಮುಂದಕ್ಕೆ ತೂಗುತ್ತೆ. ಹಿಂದೆ ಕೂತ ಅತ್ತೆಯವರಿಗೆ ಅದು ಗೊತ್ತಾಗುತ್ತೆ. ಏರಿನಲ್ಲಿ ನಿಂತು ಹೊರಡುವಾಗ ಹಿಂದೆ ಸರಿಯುವುದೂ ಉಂಟು, ಹ್ಯಾಂಡ್ ಬ್ರೇಕ್ ಅಭ್ಯಾಸ ಮಾಡಿಕೊಳ್ಳಬೇಕು. ಕ್ಲಚ್ ಪ್ಲೇಟ್ ಸವೆಯೋದೂ ಮಾಮೂಲು. ಆದರೆ ರಿಪೇರಿ ಕಂಡು ಕೇಳಿದ್ದೇ, ಖರ್ಚು ಕೈಮೀರೋದಿಲ್ಲ.

ಪೋಲೋ ಜಿಟಿಯಲ್ಲಿರೋದು ಡಿಎಸ್‌ಜಿ ಎನ್ನುವ ಏಳು ಗೇರಿನ ಪೆಟ್ಟಿಗೆ. ಅದಕ್ಕೆ ಎರಡು ಕ್ಲಚ್. ಒಂದು ಈಗಿನ ಗೇರನ್ನು ಹಿಡಿದಿದ್ದರೆ ಇನ್ನೊಂದು ಮುಂದಿನದನ್ನು ಸಿದ್ಧ ಮಾಡಿಟ್ಟುಕೊಂಡು ಕಾಯ್ತಿರುತ್ತೆ. ಅದಕ್ಕೇ ಗೇರ್ ಬದಲಾದದ್ದೇ ಗೊತ್ತಾಗದಷ್ಟು ನಯ. ಕೊರತೆ ಏನಪ್ಪಾ ಅಂದರೆ, ಈ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿರುವಂಥವಲ್ಲ, ಒಣ ಕ್ಲಚ್‌ಗಳು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇಂಚಿಂಚೇ ತೆವಳುವಾಗ ಕ್ಲಚ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತಾ ಬಿಸಿಯಾಗ್ತವೆ. ಒಳಗಿನ ಮೆಕಟ್ರಾನಿಕ್ಸ್ ಎನ್ನುವ ಎಲೆಕ್ಟ್ರಾನಿಕ್ ಭಾಗ ಕೈಕೊಟ್ಟರೆ ಬಿಲ್ಲು ಲಕ್ಷದ ಮಾತಾಡುತ್ತೆ. ಈ ಕುಟುಂಬದ ಗೇರ್‌ಬಾಕ್ಸ್ ಸಮಸ್ಯೆಗಾಗಿ ಕಂಪನಿ 2013ರಲ್ಲಿ ಚೀನಾದಲ್ಲಿ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆಸಬೇಕಾಗಿ ಬಂದಿತ್ತು. ಹಾಗೆಂದು ಪ್ರತಿ ಡಿಎಸ್‌ಜಿಯೂ ಕೆಡುತ್ತೆ ಎಂದಲ್ಲ. ಒಂದು ಲಕ್ಷ ಕಿಲೋಮೀಟರ್ ಚಕಾರವೆತ್ತದೆ ಓಡಿದವೂ ಇವೆ. ಆದರೆ ಹತ್ತು ವರ್ಷದ ಹತ್ತಿರ ಬಂದ, ವಾರಂಟಿ ಮುಗಿದ, ಇಬ್ಬರ ಕೈ ದಾಟಿದ ಕಾರಿನಲ್ಲಿ ಆ ಜೂಜು ನಿಮ್ಮ ತಲೆಗೆ ಬರುತ್ತೆ.

ನನ್ನ ಮಾತು ಕೇಳ್ತೀರಾದರೆ, ಇದ್ದಬದ್ದ ದುಡ್ಡನ್ನೆಲ್ಲ ಕಾರಿಗೇ ಹಾಕುವವರು ಪೋಲೋ ಜಿಟಿ ಟಿಎಸ್‌ಐ ಕಡೆ ಹೋಗಬೇಡಿ. ಅದರ ಬೆಲೆಯ ಜೊತೆಗೆ ಇನ್ನೊಂದು ಲಕ್ಷ ರೂಪಾಯಿ ಬ್ಯಾಂಕಿನಲ್ಲಿ ಮುಟ್ಟದೆ ಇಡಬಲ್ಲೆ ಎನ್ನುವವರು ಧಾರಾಳವಾಗಿ ತಗೊಳ್ಳಿ. ಪೋಲೋನೇ ಬೇಕು ಎಂದು ಹಟವಿದ್ದರೆ ಇನ್ನೊಂದು ದಾರಿಯೂ ಇದೆ. 2020ರಲ್ಲಿ ಬಿಎಸ್-6 ನಿಯಮ ಬಂದಾಗ ಆ ಹಳೆಯ ಎಂಜಿನ್ನೂ ಡಿಎಸ್‌ಜಿಯೂ ಹೋಗಿ, 1.0 ಲೀಟರಿನ ಟರ್ಬೊ ಎಂಜಿನ್ ಜೊತೆ ಆರು ಗೇರಿನ ‘ಟಾರ್ಕ್ ಕನ್ವರ್ಟರ್’ ಆಟೋಮ್ಯಾಟಿಕ್ ಬಂತು. ಟ್ರಾಫಿಕ್ಕಿಗೆ ಅದು ಗಟ್ಟಿ ಪಿಂಡ. ಬೆಲೆ ಜಾಸ್ತಿ, ಸಿಗೋದೂ ಕಡಿಮೆ. 2022ರಲ್ಲಿ ನಮ್ಮಲ್ಲಿ ಪೋಲೋ ತಯಾರಿಕೆಯೇ ನಿಂತಿತು. ಕಾಯುವ ತಾಳ್ಮೆ ಇದ್ದರೆ ಮಾತ್ರ.

ತಿಂಗಳ ಬಜೆಟ್ಟಿನಲ್ಲಿ ಕಾರಿಗೆಷ್ಟು?

ಪೆಟ್ರೋಲ್ ಲೆಕ್ಕ ದೊಡ್ಡ ವಿಷಯವೇನಲ್ಲ, ಆದರೂ ಹಾಕಿ ನೋಡಿ. ಕಂಪನಿಗಳು ಹೇಳಿಕೊಂಡದ್ದು ಸ್ವಿಫ್ಟ್‌ಗೆ ಲೀಟರಿಗೆ 22 ಕಿ.ಮೀ., ಪೋಲೋ ಜಿಟಿಗೆ ಸುಮಾರು 17. ಆ ಮೈಲೇಜು ನಮ್ಮ ರಸ್ತೆಗಳಲ್ಲಿ ಎಲ್ಲಿ ಬರಬೇಕು! ಲೆಕ್ಕಕ್ಕೆ 13 ಮತ್ತು 9 ಎಂದಿಟ್ಟುಕೊಳ್ಳಿ. ತಿಂಗಳಿಗೆ 600 ಕಿ.ಮೀ. ಓಡಿದರೆ ಒಂದಕ್ಕೆ 46 ಲೀಟರ್, ಇನ್ನೊಂದಕ್ಕೆ 67. ಲೀಟರಿಗೆ ನೂರು ರೂಪಾಯಿ ಹಿಡಿದರೂ ತಿಂಗಳಿಗೆ ಎರಡು ಸಾವಿರದ ವ್ಯತ್ಯಾಸ. ಒಂದು ಮಗುವಿನ ಡ್ಯಾನ್ಸ್ ಕ್ಲಾಸಿನ ಫೀಸು, ಅಷ್ಟೆ.

ಬಜೆಟ್ಟನ್ನು ಬುಡಮೇಲು ಮಾಡುವುದು ಕೊಂಡ ಮೊದಲ ತಿಂಗಳ ಖರ್ಚು. ನಾಲ್ಕು ಟೈರು, ಬ್ಯಾಟರಿ, ಒಂದು ಪೂರ್ತಿ ಸರ್ವಿಸ್, ಇನ್ಶೂರೆನ್ಸ್, ಹೆಸರು ಬದಲಾವಣೆ. ಕೈಲಿ ಐದೂವರೆ ಲಕ್ಷ ಇದ್ದರೆ ನಾಲ್ಕೂಮುಕ್ಕಾಲರ ಮೇಲಿನ ಕಾರು ನೋಡಲೇಬೇಡಿ. ಮದುವೆಗೆ ಸೀರೆ ತೆಗೆದವರಿಗೆ ರವಿಕೆ ಹೊಲಿಗೆಯ ಲೆಕ್ಕ ಹೇಳಿಕೊಡಬೇಕೇ?

ಮಕ್ಕಳು ಹಿಂದಿನ ಸೀಟಿನಲ್ಲಿದ್ದಾರೆ

ಈ ವಿಷಯದಲ್ಲಿ ಮಾತ್ರ ತಕ್ಕಡಿ ಕೆಂಪು ಕಾರಿನ ಕಡೆ ವಾಲುತ್ತೆ, ಮುಚ್ಚಿಡೋದಿಲ್ಲ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2014ರಲ್ಲಿ ಪರೀಕ್ಷೆ ಮಾಡಿದಾಗ ಏರ್‌ಬ್ಯಾಗ್ ಇಲ್ಲದ ಪೋಲೋಗೆ ಸೊನ್ನೆ ಸ್ಟಾರ್ ಬಂತು. ಎರಡು ಏರ್‌ಬ್ಯಾಗ್ ಹಾಕಿದ ಅದೇ ಪೋಲೋಗೆ ನಾಲ್ಕು ಸ್ಟಾರ್ ಬಂತು. 2018ರಲ್ಲಿ ಎರಡು ಏರ್‌ಬ್ಯಾಗ್ ಇದ್ದ ಸ್ವಿಫ್ಟ್‌ಗೆ ಬಂದದ್ದು ಎರಡೇ ಸ್ಟಾರ್. ಮುಂದೆ ನಿಯಮ ಬಿಗಿಯಾದ ಮೇಲೆ 2022ರಲ್ಲಿ ಪರೀಕ್ಷಿಸಿದಾಗ ಒಂದು. ಹೆದ್ದಾರಿಯಲ್ಲಿ ವಾರವಾರ ಊರಿಗೆ ಹೋಗಿಬರುವವರು ನೀವಾದರೆ ಇದನ್ನು ತೂಗಿ ನೋಡಲೇಬೇಕು.

ಹಳೆಯ ಕಾರು ಯಾವುದೇ ಇರಲಿ, ಎಷ್ಟು ಏರ್‌ಬ್ಯಾಗ್ ಎಂದು ಕೇಳಿ. ನಮ್ಮ ದೇಶದಲ್ಲಿ ಚಾಲಕರ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಿಂದ. ಪಕ್ಕದ ಸೀಟಿನದು ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2021ರ ಕೊನೆಗೆ. ಅದಕ್ಕೆ ಹಿಂದಿನ ಕಾರುಗಳ ಅಗ್ಗದ ಮಾದರಿಗಳಲ್ಲಿ ಒಂದೂ ಇಲ್ಲದಿರಬಹುದು. 2018ರ ಸ್ವಿಫ್ಟ್‌ನ ಎಲ್ಲ ಮಾದರಿಗಳಲ್ಲೂ ಎರಡು ಏರ್‌ಬ್ಯಾಗ್, ಎಬಿಎಸ್ ಇವೆ. ಅದರ ಹಿಂದಿನ ಸ್ವಿಫ್ಟ್‌ನಲ್ಲಿ ಹಾಗಿರಲಿಲ್ಲ. ‘ಸ್ವಿಫ್ಟ್ ಅಂದ್ರೆ ಸ್ವಿಫ್ಟೇ ಮೇಡಂ’ ಎನ್ನುವವರ ಮಾತಿಗೆ ಮರುಳಾಗಬೇಡಿ.

ಫ್ರಿಜ್ ಮೇಲಿನ ಅಯಸ್ಕಾಂತ ಜೊತೆಗಿರಲಿ

ಕಾರು ನೋಡಲು ಹೋಗುವಾಗ ಗಂಡನನ್ನೋ ಅಣ್ಣನನ್ನೋ ಕರೆದುಕೊಂಡು ಹೋಗಿ, ಬೇಡ ಅನ್ನೋದಿಲ್ಲ. ಆದರೆ ಮಾರುವವರು ಅವರ ಜೊತೆ ಎಂಜಿನ್ ಮಾತಾಡಿ, ನಿಮ್ಮ ಕಡೆ ತಿರುಗಿ ‘ಮೇಡಂಗೆ ಕಲರ್ ಇಷ್ಟ ಆಯ್ತಾ?’ ಅಂತಾರೆ, ತಯಾರಾಗಿರಿ. ಅದಕ್ಕೆ ‘ಕಲರ್ ಆಮೇಲೆ, ಮೊದಲು ಸರ್ವಿಸ್ ರೆಕಾರ್ಡ್ ತೋರಿಸಿ’ ಎಂದುಬಿಡಿ. ಆಮೇಲೆ ಮಾತಾಡೋದೆಲ್ಲ ನಿಮ್ಮ ಜೊತೆಯೇ.

ಬೆಳಿಗ್ಗೆ ಹೋಗಿ. ಸಂಜೆಯ ಹಳದಿ ದೀಪದಲ್ಲಿ ಸೀರೆಯ ಬಣ್ಣ ನೋಡಿ ಮೋಸಹೋಗೋದಿಲ್ಲವೇ, ಹಾಗೇ. ನಾನು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿ. ಹೋದಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಅವರು ಮೊದಲೇ ಓಡಿಸಿ, ತಣ್ಣಗಿರುವಾಗ ಬರುವ ತೊಂದರೆಯನ್ನು ಅಡಗಿಸಿದ್ದಾರೆ ಎಂಬ ಅನುಮಾನ ಬರಬೇಕು. ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್ ಹಿಂದೆ ನಿಲ್ಲಿ. ಚಳಿಯ ಬೆಳಗಿನಲ್ಲಿ ಸ್ವಲ್ಪ ಬಿಳಿ ಹಬೆ ಬಂದು ಮಾಯವಾದರೆ ಚಿಂತೆಯಿಲ್ಲ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಆಯಿಲ್ ಹಾಕುವ ಮುಚ್ಚಳ ತೆಗೆಸಿ ನೋಡಿ. ಅದರ ಒಳಮೈಗೆ ಹಾಲು ಬೆರೆಸಿದ ಕಾಫಿಯ ಹಾಗೆ ನೊರೆ ಅಂಟಿದ್ದರೆ ಆಯಿಲ್ಲಿಗೆ ನೀರು ಸೇರಿರಬಹುದು. ಮೆಕ್ಯಾನಿಕ್ ನೋಡಿ ಸರಿ ಎನ್ನುವ ತನಕ ಮುಂದಿನ ಮಾತಿಲ್ಲ.

ಇನ್ನು ಅಯಸ್ಕಾಂತ. ಫ್ರಿಜ್ ಬಾಗಿಲಿಗೆ ಅಂಟಿಸುವ ಆ ಗೊಂಬೆಯನ್ನೇ ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲು, ಬಾನೆಟ್, ಚಕ್ರದ ಮೇಲಿನ ಭಾಗಗಳಿಗೆ ಮುಟ್ಟಿಸುತ್ತಾ ಹೋಗಿ. ತಗಡಿನ ಮೇಲೆ ಅಂಟುತ್ತೆ. ಗುದ್ದಿಸಿಕೊಂಡ ಜಾಗಕ್ಕೆ ದಪ್ಪಗೆ ಲಪ್ಪ ಮೆತ್ತಿ ಬಣ್ಣ ಹೊಡೆದಿದ್ದರೆ ಅಲ್ಲಿ ಜಾರುತ್ತೆ. ಬಂಪರಿಗೆ ಮಾತ್ರ ಹಿಡಿದು ಗಾಬರಿಯಾಗಬೇಡಿ, ಅದು ಪ್ಲಾಸ್ಟಿಕ್, ಹೊಸದಕ್ಕೂ ಅಂಟೋದಿಲ್ಲ. ಸಣ್ಣಪುಟ್ಟ ಟಿಂಕರಿಂಗ್ ಆಗಿದ್ದರೆ ಬಿಡಿ, ಬೆಂಗಳೂರಿನಲ್ಲಿ ಗೀರಿಲ್ಲದ ಕಾರು ಎಲ್ಲಿದೆ? ಬಾನೆಟ್ ಎತ್ತಿ, ಒಳಗಿನ ಚೌಕಟ್ಟಿನ ಬೆಸುಗೆ ಎಡಬಲ ಒಂದೇ ಥರ ಇದೆಯೇ ಎಂದು ನೋಡುವುದು ಮುಖ್ಯ.

ನೀರಿನಲ್ಲಿ ಮುಳುಗೆದ್ದ ಕಾರುಗಳ ವಿಷಯ ಬೇರೆಯೇ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು ಕಡೆ ಬಂಗಲೆಗಳ ಕಾರುಗಳೇ ತೇಲಿದ್ದನ್ನು ಟೀವಿಯಲ್ಲಿ ನೋಡಿದ್ದೀರಿ. ಚೆನ್ನೈನಲ್ಲಿ 2015ರಲ್ಲಿ, ಮತ್ತೆ 2023ರಲ್ಲಿ ಅದೇ ಪಾಡು. ಅಂಥ ಕಾರುಗಳನ್ನು ತೊಳೆದು, ಒಣಗಿಸಿ, ಸೆಂಟು ಹೊಡೆದು ಬೇರೆ ಊರಿನಲ್ಲಿ ಮಾರುವವರಿದ್ದಾರೆ. ಕಂಡುಹಿಡಿಯೋದು ನಮಗೇನು ಕಷ್ಟವಲ್ಲ, ಮಳೆಗಾಲದಲ್ಲಿ ಬೀರುವಿನ ವಾಸನೆ ಗೊತ್ತಿರುವವರು ನಾವು. ಗಾಜುಗಳನ್ನೆಲ್ಲ ಏರಿಸಿ, ಎಸಿ ಹಾಕಿ ಎರಡು ನಿಮಿಷ ಒಳಗೆ ಕೂತುಕೊಳ್ಳಿ. ಮುಗ್ಗಲು ವಾಸನೆ ಬಂತೇ? ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ಒಳಗೆ ಸುತ್ತಿಕೊಂಡಿರುವ ಭಾಗದಲ್ಲಿ ಕೆಸರಿನ ಗೆರೆ ಇದೆಯೇ? ಡಿಕ್ಕಿಯ ಕಾರ್ಪೆಟ್ ಎತ್ತಿಸಿ ಸ್ಟೆಪ್ನಿಯ ಗುಂಡಿಯಲ್ಲಿ ಸಣ್ಣ ಮರಳು, ಸೀಟಿನ ಕೆಳಗಿನ ಕಂಬಿಗಳಲ್ಲಿ ತುಕ್ಕು ಹುಡುಕಿ. ಘಮಘಮ ಸೆಂಟು ಜಾಸ್ತಿ ಬಂದರೆ ಅನುಮಾನವೂ ಜಾಸ್ತಿ ಇರಲಿ.

ಟೈರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೇಲ್ನೋಟಕ್ಕೆ ಗೀರು ಚೆನ್ನಾಗಿದ್ದರೂ ಐದಾರು ವರ್ಷ ದಾಟಿದ ರಬ್ಬರು ಗಡುಸಾಗಿರುತ್ತೆ, ಅದರ ದುಡ್ಡನ್ನು ಚೌಕಾಸಿಯಲ್ಲಿ ಕಳೆಯಿರಿ. ಮೀಟರ್ 40 ಸಾವಿರ ಕಿಲೋಮೀಟರ್ ತೋರಿಸುತ್ತಿದ್ದು ಬ್ರೇಕ್ ಪೆಡಲಿನ ರಬ್ಬರು ನುಣುಪಾಗಿ, ಸ್ಟೇರಿಂಗ್ ಸಿಪ್ಪೆ ಎದ್ದಿದ್ದರೆ, ಮೀಟರ್ ಹಿಂದಕ್ಕೆ ತಿರುಗಿದೆಯೋ ಏನೋ! ಕಂಪನಿ ಸರ್ವಿಸ್ ಸೆಂಟರಿನಲ್ಲಿ ಸರ್ವಿಸ್ ಆಗಿದ್ದರೆ ಪ್ರತಿ ಸಲದ ಕಿಲೋಮೀಟರ್ ಅಲ್ಲಿ ದಾಖಲಾಗಿರುತ್ತೆ. ಮಾಲೀಕರ ಜೊತೆ ಹೋಗಿ ತೆಗೆಸಿಕೊಳ್ಳಿ.

ಓಡಿಸಿ ನೋಡೋದು ಎಂದರೆ ಬೀದಿ ತುದಿಗೆ ಹೋಗಿಬರುವುದಲ್ಲ. ಕನಿಷ್ಠ ಅರ್ಧ ಗಂಟೆ, ಟ್ರಾಫಿಕ್ಕಿನಲ್ಲಿ, ಎಸಿ ಹಾಕಿ, ನೀವೇ ಓಡಿಸಿ. ಗೇರ್‌ಬಾಕ್ಸ್ ಬಿಸಿಯಾದ ಮೇಲೆ ಎಳೆದಾಡುತ್ತದೆಯೇ? ಏರಿನಲ್ಲಿ ನಿಲ್ಲಿಸಿ ಹೊರಡಿ. ಅದರ ಜೊತೆಗೆ ನಮಗೆ ಬೇಕಾದ ಪರೀಕ್ಷೆಗಳೂ ಇವೆ. ಸೀಟು ಏರಿಸಿದರೆ ಬಾನೆಟ್ ಕಾಣುತ್ತದೆಯೇ, ಚೂಡಿದಾರ್ ಸರಿ, ಸೀರೆಯುಟ್ಟಾಗ ಕಾಲು ಬ್ರೇಕಿಗೆ ಸಲೀಸಾಗಿ ಹೋಗುತ್ತದೆಯೇ, ಮಂಡಿನೋವಿನವರು ಹಿಂದಿನ ಸೀಟಿನಲ್ಲಿ ಕೂತು ಏಳಬಲ್ಲರೇ? ಗೆಳತಿ ಅತ್ತೆಯವರನ್ನೇ ಕರೆದುಕೊಂಡು ಹೋಗಿ ಎರಡರಲ್ಲೂ ಕೂರಿಸಿ ನೋಡಿದಳು. ‘ಕೆಂಪಿನಲ್ಲಿ ಕಾಲು ಮಡಚಿದ ಹಾಗೆ ಆಗುತ್ತೆ’ ಎಂದರಂತೆ ಅವರು. ಇಂಥ ಒಂದು ಮಾತು ಹತ್ತು ಮ್ಯಾಗಜಿನ್ನುಗಳ ವಿಮರ್ಶೆಗಿಂತ ಉಪಯೋಗ.

ಕಡೆಯಲ್ಲಿ ನಿಮ್ಮದೇ ಮೆಕ್ಯಾನಿಕ್ಕಿಗೆ ಒಂದೆರಡು ಸಾವಿರ ಕೊಟ್ಟು ತೋರಿಸಿ. ಮಾರುವವರು ‘ಬೇಕಾಗಿಲ್ಲ, ನಮ್ಮವರೇ ನೋಡಿದ್ದಾರೆ’ ಎಂದರೆ ನಮಸ್ಕಾರ ಹೇಳಿ ಬನ್ನಿ.

ಕಾಗದ ಪತ್ರ ಏನು ಹೇಳುತ್ತೆ?

ಗೆಳತಿಯ ತೀರ್ಮಾನ ಆದದ್ದು ಇಲ್ಲಿ. ಬಿಳಿ ಸ್ವಿಫ್ಟ್‌ಗೆ ಒಬ್ಬರೇ ಮಾಲೀಕರು, ‘ಒಂದು ಗೀರೂ ಆಗಿಲ್ಲ’ ಎಂಬ ಭರವಸೆ. ಇವಳು ಇನ್ಶೂರೆನ್ಸ್ ಕಾಗದ ಇಸಿದುಕೊಂಡು ‘ನೋ ಕ್ಲೇಮ್ ಬೋನಸ್’ ಎಂಬ ಸಾಲು ಹುಡುಕಿದಳು. ಇದನ್ನು ನೀವೂ ಕಲಿತಿಟ್ಟುಕೊಳ್ಳಿ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ 20 ಪರ್ಸೆಂಟ್, ಆಮೇಲೆ 25, 35, 45, ಐದು ವರ್ಷ ಮಾಡದಿದ್ದರೆ 50. ಒಬ್ಬರೇ ಮಾಲೀಕರ, ಆರೇಳು ವರ್ಷದ ಕಾರಿಗೆ 50 ಇರಬೇಕಾದಲ್ಲಿ 20 ಇತ್ತು. ಅಂದರೆ ಎರಡು ವರ್ಷದ ಹಿಂದೆ ಏನೋ ಆಗಿದೆ. ಕೆದಕಿ ಕೇಳಿದಾಗ ಮುಂಭಾಗ ಜಜ್ಜಿಹೋಗಿ ರಿಪೇರಿಯಾದ ಕಥೆ ಹೊರಗೆ ಬಂತು. ಮಾಲೀಕರು ಬದಲಾದಾಗಲೂ, ಇನ್ಶೂರೆನ್ಸ್ ಕಟ್ಟದೆ ಬಿಟ್ಟಾಗಲೂ ಈ ಬೋನಸ್ ಹೋಗುತ್ತೆ. ಹಾಗಾಗಿ ಸೊನ್ನೆ ಕಂಡಕೂಡಲೇ ಅಪವಾದ ಹೊರಿಸಬೇಡಿ, ವಿವರ ಕೇಳಿ.

ಕೆಂಪು ಪೋಲೋದ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿತ್ತು. ‘ಸಾಲ ತೀರಿದೆ, ಎನ್‌ಒಸಿ ಮುಂದಿನ ವಾರ ಬರುತ್ತೆ, ಅಡ್ವಾನ್ಸ್ ಕೊಟ್ಟಿರಿ’ ಎಂದರು. ಆರ್‌ಸಿಯಲ್ಲಿ ‘ಹೈಪೊಥಿಕೇಶನ್’ ಎಂದು ಇರುವ ತನಕ ಕಾರಿನ ಮೇಲೆ ಬ್ಯಾಂಕಿನ ಹಕ್ಕು ಇದ್ದಂತೆಯೇ. ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35 ಕೊಟ್ಟು ಆ ಹೆಸರು ತೆಗೆಸಬೇಕು. ಅದಾದ ಮೇಲೆ ಬನ್ನಿ ಎಂದಳು ಗೆಳತಿ. ಅವರು ಬರಲಿಲ್ಲ.

ಎರಡನ್ನೂ ಬಿಟ್ಟಳು. ಮನೆಯಲ್ಲಿ ‘ಇವಳಿಗೆ ಯಾವ ಕಾರೂ ಸರಿಹೋಗಲ್ಲ’ ಎಂಬ ಮಾತೂ ಬಂತು. ಎರಡು ತಿಂಗಳು ಕಾದು, ರಾಜಾಜಿನಗರದ ನಿವೃತ್ತ ಮೇಷ್ಟ್ರೊಬ್ಬರ ಬೂದು ಬಣ್ಣದ ಸ್ವಿಫ್ಟ್ ಎಎಂಟಿ ತಗೊಂಡಳು. ಅದೇ ವರ್ಷದ್ದು, ಬೋನಸ್ 50 ಪರ್ಸೆಂಟ್, ಪ್ರತಿ ಸರ್ವಿಸ್ಸಿನ ರಸೀದಿಯನ್ನೂ ದಾರ ಹಾಕಿ ಹೊಲಿದಿಟ್ಟಿದ್ದರಂತೆ. ಪೋಲೋ ಮೇಲೆ ಇನ್ನೂ ಮನಸ್ಸಿದೆ, ರಸ್ತೆಯಲ್ಲಿ ಕಂಡರೆ ತಿರುಗಿ ನೋಡ್ತಾಳೆ.

ಆರ್‌ಸಿಯ ವಿವರಗಳನ್ನು ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಕಾರಿನ ನಂಬರ್ ಹಾಕಿ ತಾಳೆ ನೋಡಿ. ಎಂಜಿನ್, ಚಾಸಿ ನಂಬರುಗಳನ್ನು ಕಾರಿನ ಮೇಲೆಯೇ ಓದಿ ಹೊಂದಿಸಿ. ಟ್ರಾಫಿಕ್ ದಂಡ ಬಾಕಿ ಇದ್ದರೆ ಅವರಿಂದಲೇ ಕಟ್ಟಿಸಿ. ಸಿಗ್ನಲ್ ಕ್ಯಾಮೆರಾಗಳ ಕಾಲ ಇದು, ಒಂದೊಂದು ಕಾರಿನ ಮೇಲೆ ಹತ್ತಾರು ಕೇಸಿರೋದು ಅಪರೂಪವಲ್ಲ. ಹಳೆ ಕಾರುಗಳ ವ್ಯಾಪಾರಿಯ ಹತ್ತಿರ ಕೊಳ್ಳುವುದಾದರೆ ಸಾರಿಗೆ ಇಲಾಖೆಯ ಅಧಿಕಾರಪತ್ರ ಇದೆಯೇ ಕೇಳಿ. 2023ರ ಏಪ್ರಿಲ್‌ನಿಂದ ಅದು ಬೇಕು. ಬೇರೆ ರಾಜ್ಯದ ನಂಬರಿನ ಕಾರು ಅಗ್ಗಕ್ಕೆ ಸಿಕ್ಕರೆ ಹಿಗ್ಗಬೇಡಿ. ಅಲ್ಲಿನ ಎನ್‌ಒಸಿ, ಇಲ್ಲಿನ ಜೀವಾವಧಿ ತೆರಿಗೆ, ಹೊಸ ನಂಬರು ಎಂದು ಓಡಾಡುವಷ್ಟರಲ್ಲಿ ಉಳಿಸಿದ್ದೆಲ್ಲ ಕರಗಿರುತ್ತೆ. ಮೊದಲ ಸಲ ಕೊಳ್ಳುವವರಿಗೆ ಕೆಎ ನಂಬರೇ ಕ್ಷೇಮ.

ಯಾರ ಹೆಸರಿಗೆ?

‘ನನ್ನ ಹೆಸರಾದರೇನು, ಅವರ ಹೆಸರಾದರೇನು’ ಎನ್ನುವವರು ನಮ್ಮಲ್ಲಿ ಜಾಸ್ತಿ. ದಾಂಪತ್ಯಕ್ಕೆ ಅದು ಚೆಂದ, ಇನ್ಶೂರೆನ್ಸ್ ಕಂಪನಿಗೆ ಅಲ್ಲ. ಕಾರಿನ ಪಾಲಿಸಿ ಜೊತೆ ‘ಓನರ್-ಡ್ರೈವರ್’ಗೆ 15 ಲಕ್ಷ ರೂಪಾಯಿಯ ಅಪಘಾತ ವಿಮೆ ಇರುತ್ತೆ. ಅದು ಸಿಗೋದು ಆರ್‌ಸಿಯಲ್ಲಿ ಹೆಸರಿರುವ, ಲೈಸೆನ್ಸ್ ಇರುವ ಮಾಲೀಕರೇ ಓಡಿಸುವಾಗ ಮಾತ್ರ. ಕಾರು ಗಂಡನ ಹೆಸರಿನಲ್ಲಿದ್ದು ದಿನಾ ಓಡಿಸುವವರು ನೀವಾಗಿದ್ದರೆ ಆ 15 ಲಕ್ಷಕ್ಕೂ ನಿಮಗೂ ಸಂಬಂಧವಿಲ್ಲ. ದುಡ್ಡು ನಿಮ್ಮದಾಗಿದ್ದರಂತೂ ಯೋಚನೆಯೇ ಬೇಡ. ಆರ್‌ಸಿ ನಿಮ್ಮ ಹೆಸರಿಗೇ ಆಗಲಿ.

ಹೆಸರು ಬದಲಾವಣೆಗೆ ಫಾರಂ 29 ಮತ್ತು ಫಾರಂ 30. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ‘ಸಹಿ ಹಾಕಿಕೊಟ್ಟಿದ್ದೀನಿ, ನಿಧಾನವಾಗಿ ಮಾಡಿಸ್ಕೊಳ್ಳಿ’ ಎನ್ನುವವರಿಗೆ 2018ರ ಸುಪ್ರೀಂ ಕೋರ್ಟ್ ತೀರ್ಪು ನೆನಪಿಸಿ. ಕಾರು ಎಷ್ಟು ಕೈ ಬದಲಾಗಿದ್ದರೂ ಆರ್‌ಟಿಓ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದೇ ಎಂದಿದೆ ಅದು. ಕೇಳಿದಮೇಲೆ ಅವರೇ ನಿಮ್ಮನ್ನು ಆರ್‌ಟಿಓಗೆ ಎಳೆದುಕೊಂಡು ಹೋಗ್ತಾರೆ. ಇನ್ಶೂರೆನ್ಸ್ ಕಂಪನಿಗೂ 14 ದಿನದೊಳಗೆ ಅರ್ಜಿ ಕೊಡಿ. ಇಲ್ಲದಿದ್ದರೆ ನಿಮ್ಮ ಕಾರಿಗೆ ಆದ ಡ್ಯಾಮೇಜಿನ ಕ್ಲೇಮಿಗೆ ತಕರಾರು ಬರುತ್ತೆ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತೆ, ನಿಮಗೆ ಬರೋದಿಲ್ಲ. ಅದರಿಂದ ಪ್ರೀಮಿಯಂ ಏರುತ್ತೆ, ಲೆಕ್ಕದಲ್ಲಿಟ್ಟುಕೊಳ್ಳಿ.

ಚೌಕಾಸಿ ನಿಮಗೆ ಹೇಳಿಕೊಡಬೇಕಾಗಿಲ್ಲ. ಒಂದು ಮಾತು ಮಾತ್ರ ಬಾಯಲ್ಲಿರಲಿ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದು ಹೊಸ ಕಾರುಗಳೇ ಅಗ್ಗವಾದವು. ಅದಕ್ಕೂ ಮುಂಚಿನ ರೇಟು ಹಿಡಿದು ಕೂತವರಿಗೆ ಹೊಸ ಕಾರಿನ ಬೆಲೆಪಟ್ಟಿ ತೋರಿಸಿ. ಅಡ್ವಾನ್ಸ್ ಐದೋ ಹತ್ತೋ ಸಾವಿರ ಸಾಕು, ರಸೀದಿ ಇಲ್ಲದೆ ಅದೂ ಬೇಡ. ಉಳಿದದ್ದು ಬ್ಯಾಂಕಿನ ಮೂಲಕವೇ ಹೋಗಲಿ.

ಕಾರು ಕೈಗೆ ತಗೊಳ್ಳುವಾಗ ಒಂದು ಹಾಳೆಯಲ್ಲಿ ತಾರೀಖು, ಗಂಟೆ, ನಿಮಿಷ, ಮೀಟರಿನ ಕಿಲೋಮೀಟರ್ ಬರೆದು ಇಬ್ಬರೂ ಸಹಿ ಮಾಡಿ. ಅಲ್ಲಿಯ ತನಕದ ದಂಡ, ಕೇಸು ಅವರದು, ಆಮೇಲಿನದು ನಿಮ್ಮದು. ಸ್ಟೆಪ್ನಿ, ಜ್ಯಾಕು, ಪಾನ ಡಿಕ್ಕಿಯಲ್ಲಿವೆಯೇ ನೋಡಿಕೊಳ್ಳಿ. ಎರಡನೇ ಕೀ ಕೇಳೋದನ್ನು ಮರೀಬೇಡಿ. ‘ಎಲ್ಲೋ ಇದೆ, ಹುಡುಕಿ ಕೊಡ್ತೀನಿ’ ಎಂದರೆ, ಸಿಕ್ಕಮೇಲೆ ಕೊಡುವ ಹಾಗೆ ಎಂಟು ಹತ್ತು ಸಾವಿರ ಹಿಡಿದಿಟ್ಟುಕೊಳ್ಳಿ. ಇದರ ಕೀ ಮಾಡಿಸೋದು ಬೀರು ಕೀ ಮಾಡಿಸಿದ ಹಾಗಲ್ಲ, ಒಳಗೆ ಚಿಪ್ ಇರುತ್ತೆ, ಬೀದಿ ಬದಿಯ ಕೀ ಅಂಗಡಿಯವರು ನೋಡಿ ಕೈಯಾಡಿಸಿಬಿಡ್ತಾರೆ.